ಎಂಡೊಮೆಟ್ರಿಯೋಸಿಸ್ ಇದೆ, ಗರ್ಭ ಉಳಿಯುತ್ತಿಲ್ಲ: ಯಾವ ಡಾಕ್ಟರನ್ನು ನಂಬಲಿ?

ಪ್ರಶ್ನೆ: ನನಗೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಇದೆ. ಎಡಗಡೆ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್, ಅಂದರೆ ಇದೇ ಕಾಯಿಲೆಯಿಂದಾದ ಹಳೇ ರಕ್ತ ತುಂಬಿದ ಚೀಲ ಇದೆ, ಮುಟ್ಟಿನ ನೋವು ತಡೆಯಲಾಗದಷ್ಟು. ಎರಡು ಸಲ ಗರ್ಭ ನಿಂತು, ಎರಡೂ ಸಲ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಒಬ್ಬ ಡಾಕ್ಟರು ಆಪರೇಷನ್ ಅನ್ನುತ್ತಾರೆ, ಇನ್ನೊಬ್ಬರು ನೇರವಾಗಿ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಅನ್ನುತ್ತಾರೆ, ಮತ್ತೊಬ್ಬರು "ಒಂದು ಮಗು ಆಗಲಿ, ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ಯಾರನ್ನು ನಂಬಬೇಕು?

ಉತ್ತರ: ಮೂರನೆಯವರ ಮಾತನ್ನು ಮೊದಲು ಬದಿಗಿಡಿ. ಬಸಿರು ಎಂಡೊಮೆಟ್ರಿಯೋಸಿಸ್‌ಗೆ ಮದ್ದಲ್ಲ. ಯುರೋಪಿನ ಸಂತಾನವೈದ್ಯರ ಸಂಘ ಎಶ್ರೆ, 2022ರ ತನ್ನ ಮಾರ್ಗಸೂಚಿಯಲ್ಲಿ, ಕಾಯಿಲೆ ವಾಸಿಯಾಗಲೆಂದು ಬಸಿರಾಗಿ ಎಂಬ ಸಲಹೆ ಕೊಡಕೂಡದೆಂದೇ ಹೇಳಿದೆ. ಎರಡು ಸಲ ಕಳೆದುಕೊಂಡು ಬಂದವಳ ಮುಂದೆ ಆ ಮಾತಾಡುವುದು ನನ್ನ ಲೆಕ್ಕದಲ್ಲಿ ಒರಟುತನವೂ ಹೌದು.

ಉಳಿದ ಇಬ್ಬರು ಹೇಳಿದ್ದು ತಪ್ಪೆಂದು ಈಗಲೇ ತೀರ್ಮಾನಿಸಬೇಡಿ. ಈ ಕಾಯಿಲೆಯಲ್ಲಿ ನೋವಿನ ಚಿಕಿತ್ಸೆ ಒಂದು ಕಡೆ ಎಳೆದರೆ ಮಗುವಿನ ಆಸೆ ಇನ್ನೊಂದು ಕಡೆ ಎಳೆಯುತ್ತದೆ. ನೋವಿಗೆ ಕೊಡುವ ಡೈನೋಜೆಸ್ಟ್‌ನಂಥ ಹಾರ್ಮೋನ್ ಮಾತ್ರೆ ಅಂಡ ಬಿಡುಗಡೆಯಾಗುವುದನ್ನೇ ತಡೆಯುತ್ತದೆ. ಮಗು ಬೇಕೆಂದು ಮಾತ್ರೆ ಬಿಟ್ಟರೆ ನೋವು ಮರಳಬಹುದು. ಆಪರೇಷನ್ನಿನಿಂದ ನೋವು ತಗ್ಗಬಹುದು, ಆದರೆ ಸಿಸ್ಟಿನ ಗೋಡೆ ಬಿಡಿಸುವಾಗ ಅದಕ್ಕೆ ಅಂಟಿಕೊಂಡ ಒಳ್ಳೆಯ ಅಂಡಾಶಯವೂ ಸ್ವಲ್ಪ ಹೋಗುತ್ತದೆ. ಸಿಸ್ಟ್ ತೆಗೆಸಿಕೊಂಡ ಮೇಲೆ ಎಷ್ಟೋ ಜನರ ಎಎಂಎಚ್ (ಅಂಡಾಶಯದಲ್ಲಿ ಅಂಡಗಳು ಎಷ್ಟು ಉಳಿದಿವೆ ಎಂದು ಸೂಚಿಸುವ ಹಾರ್ಮೋನ್) ಇಳಿಯುವುದು ಇದರಿಂದಲೇ. ಐವಿಎಫ್ ಅಂತೂ ನೋವಿನ ತಂಟೆಗೇ ಹೋಗುವುದಿಲ್ಲ. ಹಾಗಾಗಿ ನಂಬಿಕಸ್ಥ ಡಾಕ್ಟರು ಚೀಟಿ ಬರೆಯುವ ಮೊದಲು "ನಿಮಗೆ ಈಗ ಯಾವುದು ಮುಖ್ಯ, ನೋವು ಕಡಿಮೆಯಾಗುವುದೋ, ಮಗುವೋ?" ಎಂದು ಕೇಳುತ್ತಾರೆ. ಎರಡೂ ಅಂದರೆ, ಪ್ರತಿ ದಾರಿಯಲ್ಲಿ ಸಿಗುವುದೇನು, ಕಳೆದುಕೊಳ್ಳುವುದೇನು ಎಂದು ಬಿಡಿಸಿ ಹೇಳುತ್ತಾರೆ. ಆಪರೇಷನ್ ಅಂದವರು ಅದಕ್ಕೆ ಮೊದಲು ಎಎಂಎಚ್ ಪರೀಕ್ಷೆಯ ಮಾತೆತ್ತಿದರೇ? ಐವಿಎಫ್ ಅಂದವರು ನಿಮ್ಮ ನೋವಿನ ಬಗ್ಗೆ ಒಂದಾದರೂ ಪ್ರಶ್ನೆ ಕೇಳಿದರೇ? ಇವೆರಡು ನೆನಪಿಸಿಕೊಂಡರೆ ಅರ್ಧ ಉತ್ತರ ಸಿಗುತ್ತದೆ.

ಗರ್ಭ ಹೋದದ್ದಕ್ಕೂ ಸಿಸ್ಟೇ ಕಾರಣ ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದ್ದರೆ ಅದು ಆತುರದ ಮಾತು. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಗರ್ಭಪಾತದ ಸಾಧ್ಯತೆ ಸ್ವಲ್ಪ ಹೆಚ್ಚು, ನಿಜ. ಆದರೆ ಆ ಕಾಯಿಲೆ ಇಲ್ಲದವರಲ್ಲೂ ಖಚಿತಪಟ್ಟ ಗರ್ಭಗಳಲ್ಲಿ ಶೇ 15ರಷ್ಟು ಉಳಿಯುವುದಿಲ್ಲ, ಮತ್ತು ಮೊದಲ ಮೂರು ತಿಂಗಳಲ್ಲಿ ಹೋಗುವುದಕ್ಕೆ ಅತಿ ದೊಡ್ಡ ಕಾರಣ ಭ್ರೂಣದ ಕ್ರೋಮೋಸೋಮಿನ ದೋಷ. ನೀವು ಮೆಟ್ಟಿಲು ಹತ್ತಿದ್ದು, ಪಪ್ಪಾಯಿ ತಿಂದದ್ದು, ಆಫೀಸಿಗೆ ಬಸ್ಸಿನಲ್ಲಿ ಹೋದದ್ದು ಯಾವುದೂ ಅಲ್ಲ. ಅತ್ತೆಮನೆಯಲ್ಲಿ ಯಾರೇನೇ ಅನ್ನಲಿ. ಎರಡು ಸಲ ಹೋಗಿದ್ದರೆ ಕಾರಣ ಹುಡುಕಲು ಶುರು ಮಾಡಬಹುದು ಎನ್ನುತ್ತದೆ ಎಶ್ರೆ. ಆ ಹುಡುಕಾಟದಲ್ಲಿ ಮುಖ್ಯವಾದವು ಆ್ಯಂಟಿಫಾಸ್ಫೊಲಿಪಿಡ್ ಆ್ಯಂಟಿಬಾಡಿ (ರಕ್ತ ಹೆಪ್ಪುಗಟ್ಟುವಂತೆ ಮಾಡುವ ಪ್ರತಿಕಾಯ) ಪರೀಕ್ಷೆ, ಥೈರಾಯ್ಡ್ ಮತ್ತು ಗರ್ಭಕೋಶದ ಆಕಾರ ನೋಡುವ 3ಡಿ ಸ್ಕ್ಯಾನ್. ಮೊದಲನೆಯದು ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಒಂದೇ ರಿಪೋರ್ಟ್ ಹಿಡಿದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಶುರು ಮಾಡುವವರನ್ನು ಎರಡನೇ ರಿಪೋರ್ಟಿನ ಬಗ್ಗೆ ಕೇಳಿ. ನಮ್ಮಲ್ಲಿ ರೂಢಿಯಂತೆ ಬರೆದುಕೊಡುವ ಟಾರ್ಚ್ ಪರೀಕ್ಷೆಯಿಂದ (ಕೆಲವು ಸೋಂಕುಗಳನ್ನು ಹುಡುಕುವ ರಕ್ತಪರೀಕ್ಷೆ) ಪದೇ ಪದೇ ಆಗುವ ಗರ್ಭಪಾತದ ಕಾರಣ ತಿಳಿಯುವುದಿಲ್ಲ. ಗಂಡನ ಬಿಳಿರಕ್ತಕಣ ತೆಗೆದು ಹೆಂಡತಿಗೆ ಕೊಡುವ ಚಿಕಿತ್ಸೆಯನ್ನು ಎಶ್ರೆ ಬೇಡವೆಂದಿದೆ, ಆದರೂ ಕೆಲವು ಕಡೆ ಅದು ದುಬಾರಿ ಬೆಲೆಗೆ ನಡೆಯುತ್ತಲೇ ಇದೆ.

ಇನ್ನು ಹುಡುಕುವ ಬಗೆ. ಗೂಗಲ್ ಸ್ಟಾರುಗಳನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ಅಲ್ಲಿ ಬರೆಯುವವರು ಹೆಚ್ಚಾಗಿ ಮಗು ಎತ್ತಿಕೊಂಡು ಮನೆಗೆ ಹೋದವರು. ಡಾಕ್ಟರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಡಬಹುದು. ಐವಿಎಫ್ ಕೇಂದ್ರವಾದರೆ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಡಿ ನೋಂದಣಿ ಕಡ್ಡಾಯ. ಇದಿಷ್ಟು ಕನಿಷ್ಠ. ಆಪರೇಷನ್ ಮಾಡುವವರನ್ನು ಸಂಕೋಚಪಡದೆ ಕೇಳಬೇಕಾದ್ದು ಬೇರೆಯೇ ಇದೆ: ಎಂಡೊಮೆಟ್ರಿಯೋಸಿಸ್ ಲ್ಯಾಪ್ರೋಸ್ಕೋಪಿಯನ್ನು (ಸಣ್ಣ ತೂತಿನ ಮೂಲಕ ಮಾಡುವ ಆಪರೇಷನ್) ವಾರಕ್ಕೊಮ್ಮೆ ಮಾಡುತ್ತೀರೋ, ವರ್ಷಕ್ಕೊಮ್ಮೆಯೋ? ಕಾಯಿಲೆ ಕರುಳಿಗೋ ಮೂತ್ರನಾಳಕ್ಕೋ ಅಂಟಿದ್ದರೆ ಜೊತೆಗೆ ಯಾವ ಸರ್ಜನ್ ಇರುತ್ತಾರೆ? ಈ ಪ್ರಶ್ನೆಗೆ ಸಿಡುಕುವವರ ಕೈಗೆ ಹೊಟ್ಟೆ ಕೊಡುವ ಅಗತ್ಯವಿಲ್ಲ. "ನನ್ನಿಂದಾಗದು, ಇಂಥವರ ಹತ್ತಿರ ಹೋಗಿ" ಎಂದು ಬರೆದುಕೊಡುವವರನ್ನು ಮಾತ್ರ ಕೈಬಿಡಬೇಡಿ, ಮುಂದಿನ ಫಾಲೋಅಪ್‌ಗೆ ಅವರೇ ಸರಿ. ಹಾವೇರಿ, ರಾಯಚೂರಿನಲ್ಲಿರುವವರು ತಿಂಗಳಿಗೊಮ್ಮೆ ಬೆಂಗಳೂರಿಗೆ ಓಡಬೇಕಾಗಿಲ್ಲ. ತೀರ್ಮಾನಕ್ಕೆ ಅನುಭವಿಗಳ ಅಭಿಪ್ರಾಯ ಪಡೆದು, ಉಳಿದದ್ದನ್ನು ಊರಿನಲ್ಲೇ ನೋಡಿಸಿಕೊಳ್ಳಬಹುದು. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಲು ಉದ್ದ, ಮಾತಿಗೆ ಸಮಯ ಕಡಿಮೆ. ಆದರೆ ಕಮಿಷನ್ನಿನ ಗುಮಾನಿಯಿಲ್ಲದ ಎರಡನೇ ಅಭಿಪ್ರಾಯಕ್ಕೆ ಒಳ್ಳೆಯ ಜಾಗ.

ಫೈಲು ನಿಮ್ಮ ಕೈಯಲ್ಲಿರಲಿ. ಡಿಸ್ಚಾರ್ಜ್ ಸಮ್ಮರಿ ಸಾಲದು. ಸ್ಕ್ಯಾನ್ ಚಿತ್ರ, ಆಪರೇಷನ್ ನೋಟ್, ಬಯಾಪ್ಸಿ, ಡಿ ಅಂಡ್ ಸಿ (ಗರ್ಭಕೋಶ ಸ್ವಚ್ಛಮಾಡುವುದು) ಆಗಿದ್ದರೆ ಆ ಅಂಗಾಂಶದ ರಿಪೋರ್ಟ್ ಎಲ್ಲ ಬೇಕು. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ 2002ರ ನಡಾವಳಿ ನಿಯಮವೇ ಹೇಳುತ್ತದೆ. ಉದ್ಯೋಗದಲ್ಲಿದ್ದರೆ, ಗರ್ಭಪಾತಕ್ಕೆ 6 ವಾರಗಳ ಸಂಬಳ ಸಹಿತ ರಜೆ ಕಾನೂನಿನಲ್ಲಿದೆ, ಅದಕ್ಕೂ ಇದೇ ಕಾಗದ ಬೇಕಾಗುತ್ತದೆ. ಮನಸ್ಸು ತೀರಾ ಕುಸಿದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, ಡಾಕ್ಟರನ್ನು ಆರಿಸುವ ಮೊದಲೇ ಇದೊಂದನ್ನು ಕೇಳಿ: "ಮುಂದಿನ ಸಲ ಟೆಸ್ಟ್ ಪಾಸಿಟಿವ್ ಬಂದರೆ ಯಾವಾಗ ಸ್ಕ್ಯಾನ್ ಮಾಡುತ್ತೀರಿ? ಭಾನುವಾರ ರಾತ್ರಿ ನೋವು ಬಂದರೆ ಯಾರಿಗೆ ಫೋನ್ ಮಾಡಲಿ?" ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಗರ್ಭವು ಗರ್ಭಕೋಶಕ್ಕೆ ಇಳಿಯದೆ ಅಂಡನಾಳದಲ್ಲೇ ನಿಲ್ಲುವ ಸಾಧ್ಯತೆಯೂ ಸ್ವಲ್ಪ ಹೆಚ್ಚು, ಹಾಗಾಗಿ 6–7 ವಾರಕ್ಕೇ ಒಂದು ಸ್ಕ್ಯಾನ್ ಬೇಕು. ನೋವು ತಿಂದು ಅಭ್ಯಾಸವಾದವರು "ಇದು ಹಳೇ ನೋವೇ" ಎಂದು ಸುಮ್ಮನಿದ್ದುಬಿಡುತ್ತಾರೆ. ಟೆಸ್ಟ್ ಪಾಸಿಟಿವ್ ಬಂದ ಮೇಲೆ ಒಂದೇ ಪಕ್ಕದಲ್ಲಿ ಜೋರು ನೋವು, ರಕ್ತಸ್ರಾವ, ತಲೆಸುತ್ತು, ಹೆಗಲ ತುದಿಯಲ್ಲಿ ನೋವು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.