ಓದುಗರ ಪ್ರಶ್ನೆ: ತೋಟ ಇಟ್ಟುಕೊಂಡ ಕ್ರೈಸ್ತರು ತಪ್ಪು ಮಾಡುತ್ತಿದ್ದಾರಾ?

"ಮೊದಲ ಕ್ರೈಸ್ತರು ಹೊಲ ಮನೆ ಮಾರಿ ಎಲ್ಲವನ್ನೂ ಹಂಚಿಕೊಂಡರಂತೆ. ಹಾಗಾದರೆ ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇಟ್ಟುಕೊಂಡ ಕ್ರೈಸ್ತರು ಬೈಬಲ್ ಮೀರಿದ ಹಾಗೆ ಅಲ್ವಾ?"

ಈ ಪ್ರಶ್ನೆ ಮುಂಗಾರಿನ ಹಾಗೆ, ವರ್ಷ ತಪ್ಪಿಸುವುದಿಲ್ಲ. ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿಬಿಡಿ.

ಮಾರಿದ್ದು ನಿಜ. ಬೈಬಲಿನ 'ಅಪೊಸ್ತಲರ ಕೃತ್ಯಗಳು' ಅನ್ನುವ ಪುಸ್ತಕದ 2 ಮತ್ತು 4ನೇ ಅಧ್ಯಾಯದಲ್ಲಿ ಇದೆ. ಆಸ್ತಿ ಇದ್ದವರು ಮಾರಿ ದುಡ್ಡು ತಂದರು, ಯಾರಿಗೆ ಎಷ್ಟು ಬೇಕೋ ಅಷ್ಟು ಹಂಚಿದರು. ಸೈಪ್ರಸ್ಸಿನ ಬಾರ್ನಬನೂ ಹೊಲ ಮಾರಿದ. ಅದು ಎಲ್ಲರಿಗೂ ಕಡ್ಡಾಯವಾಗಿತ್ತು ಅನ್ನುವುದು ಮಾತ್ರ ಶುದ್ಧ ಸುಳ್ಳು.

ಇಷ್ಟು ಹೇಳಿದ ತಕ್ಷಣ, ಅದೇ ಪುಸ್ತಕದಲ್ಲಿ ಜಮೀನು ಮಾರಿ ದುಡ್ಡು ತಂದ ಅನನೀಯ, ಸಪ್ಫೈರ ದಂಪತಿಯನ್ನು ಎಳೆದು ತರುತ್ತಾರೆ. "ಪೂರ್ತಿ ಕೊಡಲಿಲ್ಲ ಅಂತಲೇ ಸತ್ತರಲ್ಲ?" ಅಲ್ಲ ಮಾರಾಯ್ರೆ! 5ನೇ ಅಧ್ಯಾಯದ 4ನೇ ವಚನ ಓದಿ. ಮಾರುವ ಮೊದಲು ಜಮೀನು ನಿನ್ನದೇ ಇತ್ತು, ಮಾರಿದ ಮೇಲೆ ದುಡ್ಡೂ ನಿನ್ನ ಕೈಯಲ್ಲೇ ಇತ್ತಲ್ಲ ಅಂತ ಯೇಸುವಿನ ಶಿಷ್ಯ ಪೇತ್ರನೇ ಅನನೀಯನನ್ನು ಕೇಳುತ್ತಾನೆ. "ನಮ್ಮಿಂದ ಇಷ್ಟೇ ಆಗೋದು" ಅಂದಿದ್ದರೆ ಮುಗಿದುಹೋಗುತ್ತಿತ್ತು. ಒಂದಷ್ಟು ಒಳಗಿಟ್ಟುಕೊಂಡು ಪೂರ್ತಿ ಕೊಟ್ಟವರ ಹಾಗೆ ತೋರಿಸಿಕೊಂಡರು. ಸಿಕ್ಕಿಬಿದ್ದದ್ದು ಆ ಸುಳ್ಳಿಗೆ.

ಇನ್ನೂ ಅನುಮಾನವಾ? 12ನೇ ಅಧ್ಯಾಯಕ್ಕೆ ಬನ್ನಿ. ಸೆರೆಮನೆಯಿಂದ ಬಿಡುಗಡೆಯಾದ ಪೇತ್ರ ರಾತ್ರೋರಾತ್ರಿ ಹೋಗಿ ಕದ ತಟ್ಟಿದ್ದು ಮಾರ್ಕನ ತಾಯಿ ಮರಿಯಳ ಮನೆಯದು. ಒಳಗೆ ತುಂಬ ಜನ ಪ್ರಾರ್ಥನೆಗೆ ಸೇರಿದ್ದರು. (ದನಿ ಕೇಳಿದ ಕೆಲಸದ ಹುಡುಗಿ ಖುಷಿಗೆ ಕದ ತೆಗೆಯುವುದನ್ನೇ ಬಿಟ್ಟು ಒಳಗೆ ಓಡಿದಳು, ಪಾಪ.) ಆ ತಾಯಿ ಮನೆ ಮಾರಿದ್ದರೆ ಇಷ್ಟು ಜನ ಸೇರುವುದೆಲ್ಲಿ? ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಪತ್ರ ಬರೆಯುವಾಗ ಅಪೊಸ್ತಲ ಪೌಲನೂ ಹೇಳಿದ್ದು ಅದನ್ನೇ: ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಕೊಡಿ, ಒತ್ತಾಯಕ್ಕಲ್ಲ. ಸ್ವಂತಕ್ಕೆ ಏನೂ ಇಟ್ಟುಕೊಳ್ಳದ ವ್ರತ ಕಾನ್ವೆಂಟಿನ ಸಿಸ್ಟರುಗಳದ್ದು. ಹೆಂಡತಿ ಮಕ್ಕಳಿರುವವರ ಮೇಲೆ ಅದನ್ನು ಹೇರಬೇಡಿ.

ಹಂಚಿಕೊಳ್ಳುವ ಮಾತು ಬಂತಲ್ಲ, ಯಾರೂ ಕೇಳದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟುಹಬ್ಬ. ಅವತ್ತು ಇಲ್ಲಿನ ಕೊಂಕಣಿ ಕ್ಯಾಥೊಲಿಕರ ಮನೆಗಳಲ್ಲಿ ಹೊಸಕ್ಕಿ ಊಟ. ಮಲೆನಾಡಿನ ಗದ್ದೆಯಲ್ಲಿ ಆಗ ತೆನೆ ಎಲ್ಲಿಂದ ಬರಬೇಕು? ನಮ್ಮ ಭೂಮಿ ಹುಣ್ಣಿಮೆಯೇ ಅದಾದ ಮೇಲೆ, ಆಗಲೂ ಗದ್ದೆ ಬಸುರಿ ಅಂತಲೇ ಸೀಮಂತ ಮಾಡುತ್ತೇವೆ. ಇದು ಕರಾವಳಿಯ ಲೆಕ್ಕ, ಅಲ್ಲಿ ಬೆಳೆ ಬೇಗ. ಘಟ್ಟ ಹತ್ತಿ ಬಂದವರ ಜೊತೆ ಪದ್ಧತಿಯೂ ಬಂತು. ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಮನೆಗೂ ಕೊಡುತ್ತಾರೆ, ತೋಟದ ಯಜಮಾನರಿಗೂ ಕೂಲಿಯವರಿಗೂ. ಮನೆಯಲ್ಲಿ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಒಂದೊಂದು ಗುಟುಕು. ದೂರದೂರಲ್ಲಿರುವ ಮಕ್ಕಳಿಗೆ ನಾಲ್ಕು ಕಾಳು ಕವರಿನಲ್ಲಿ ಅಂಚೆಗೆ ಹೋಗುವುದೂ ಉಂಟು. ಊಟವೆಲ್ಲ ತರಕಾರಿಯದ್ದೇ. ಕರೆದರೆ ಹೋಗಿ ಬನ್ನಿ, ಮೀನು ಸಾರು ಮಾತ್ರ ಕೇಳಬೇಡಿ.