ಮೂರು ವಾರದ ಕರೆಂಟಿಗೆ ಬಸ್ ಚಾರ್ಜು

ಹೊಸನಗರದ ಕಡೆಯ ಒಬ್ಬ ಅಮ್ಮನಿಗೆ ಎದೆಯ ಕ್ಯಾನ್ಸರ್ ಗಂಟು ತೆಗೆದಾಗಿತ್ತು, ಕೀಮೋ ಮುಗಿದಿತ್ತು. ಕರೆಂಟ್ ಕೊಡಿಸುವುದೊಂದೇ ಬಾಕಿ. ರೇಡಿಯೇಷನ್‌ಗೆ ನಮ್ಮ ಜನ ಹೇಳುವುದು ಹಾಗೆಯೇ. ಹೇಳಿದ ದಿನ ಅವರು ಬರಲಿಲ್ಲ. ಫೋನ್ ಮಾಡಿದರೆ, "ಅಡಿಕೆ ಕೊನೆ ಕೊಯ್ಲು ಮುಗೀಲಿ ಡಾಕ್ಟ್ರೇ. ಕರಾವಿನ ದನ ಎರಡಿದಾವೆ, ಯಾರ ಮೇಲೆ ಬಿಟ್ಟು ಬರ್ಲಿ?" ಅಂದರು.

ಅವರಿಗೆ ಹೆದರಿಕೆ ಇರಲಿಲ್ಲ. ಆಯುಷ್ಮಾನ್ ಕಾರ್ಡೂ ಇತ್ತು. ಇಲ್ಲದ್ದು ಮನೆ ಬಿಟ್ಟು ಇರುವ ಅನುಕೂಲ. ಮಣಿಪಾಲವೋ ಬೆಂಗಳೂರಿನ ಕಿದ್ವಾಯಿಯೋ, ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಆದರೆ ವಾರಕ್ಕೆ 5 ದಿನದಂತೆ 3ರಿಂದ 5 ವಾರ ಹೋಗಲೇಬೇಕು. ಎದೆ ಉಳಿಸಿ ಗಂಟು ಮಾತ್ರ ತೆಗೆದವರಲ್ಲಿ, 10 ವರ್ಷದೊಳಗೆ ಕಾಯಿಲೆ ಮರುಕಳಿಸುವ ಸಾಧ್ಯತೆಯನ್ನು ಈ ಕರೆಂಟು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅದನ್ನು ದನ ಕಟ್ಟುವವರಿಲ್ಲವೆಂದು ಬಿಟ್ಟರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದಲೇ ಎದೆಯ ಕ್ಯಾನ್ಸರಿನವರಿಗಾಗಿ ಹಣ ಸೇರಿಸುವ ನಮ್ಮ ಅಕ್ಟೋಬರ್ ನಡಿಗೆಗೆ ಕೈಜೋಡಿಸಿ ಎಂದು ಕೇಳುತ್ತಿದ್ದೇನೆ. ಸೇರಿದ ಹಣ ಟೀ ಶರ್ಟು, ಬ್ಯಾನರಿಗೆ ಹೋಗುವುದು ಬೇಡ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮ ಘಟ್ಟದ ಎಷ್ಟೋ ಊರಿಗೆ ಬರುವುದು ಖಾಸಗಿ ಬಸ್ಸು, ಜೊತೆಗೆ ಬರುವ ಗಂಡನಿಗಂತೂ ಎಲ್ಲಿಯೂ ಚಾರ್ಜು ತಪ್ಪದು. ಆ ಚಾರ್ಜು, ಆಸ್ಪತ್ರೆಯ ಊರಿನ ರೂಮ್ ಬಾಡಿಗೆ, ಆ ಮೂರು ವಾರ ಹಾಲು ಕರೆಯುವ ಆಳಿನ ಕೂಲಿ: ಹಣ ಇಲ್ಲಿಗೆ ಹೋಗಲಿ.

ಚಿಕಿತ್ಸೆ ಮುಗಿಸಿದ ಅಕ್ಕ-ತಂಗಿಯರು "ನಮ್ಗೆ ನಡೆಯೋಕೆ ಆಗತ್ತಾ?" ಎಂದು ಕೇಳುತ್ತಾರೆ. ಆಗುತ್ತದೆ, ನಡೆಯಲೇಬೇಕು. ಕೀಮೋ ನಂತರದ ಸುಸ್ತಿಗೂ ಹಾರ್ಮೋನ್ ಮಾತ್ರೆ ತರುವ ಕೀಲುನೋವಿಗೂ ನಡಿಗೆ ಒಳ್ಳೆಯದು. ವಾರಕ್ಕೆ 150 ನಿಮಿಷ ಗುರಿ ಇರಲಿ, ಶುರುವಿಗೆ ಅಂಗಳದಲ್ಲಿ ಹತ್ತು ನಿಮಿಷ ಸಾಕು. ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕೈಯನ್ನು ಜೋತು ಬಿಡಬೇಡಿ. ನಡೆಯುವಾಗ ಬೀಸಿ, ಆಗಾಗ ಮುಷ್ಟಿ ಕಟ್ಟಿ ಬಿಡಿ. ಆ ಕೈಗೆ ಬಾವು ಎಷ್ಟೋ ವರ್ಷದ ನಂತರವೂ ಬರಬಹುದು. ಮಲೆನಾಡಿನಲ್ಲಿ ನಾನು ಹೆಚ್ಚು ಹೆದರುವುದು ಮೆಟ್ಟುಗತ್ತಿಗೆ. ಅಡಿಕೆ ಸುಲಿಯುವಾಗ ಬೆರಳಿಗೆ ಆದ ಸಣ್ಣ ಗಾಯ ಸಾಕು, ಸೋಂಕು ಹತ್ತಿ ಎರಡು ದಿನದಲ್ಲಿ ಕೈ ಕೆಂಪಾಗಿ ಊದುತ್ತದೆ. ಗಾಯವಾದ ತಕ್ಷಣ ಸೋಪು ಹಾಕಿ ತೊಳೆಯಿರಿ. ಕೈ ಕೆಂಪಾಗಿ ಬಿಸಿಯಾದರೆ ಅರಿಶಿನ ಮೆತ್ತಿ ಕಾಯಬೇಡಿ, ಅದೇ ದಿನ ಬನ್ನಿ.

ಮೂವತ್ತು ದಾಟಿದವರ ಎದೆ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ. ನೋವಿಲ್ಲದ ಗಂಟನ್ನು ಮಾತ್ರ ನೋವಿಲ್ಲವೆಂದೇ ಬಿಡಬೇಡಿ.

ಆ ಅಮ್ಮನ ಮನೆಗೆ ಕೊನೆಗೆ ತಂಗಿ ಬಂದು ನಿಂತರು, ದನ ನೋಡಿಕೊಂಡರು. ಕರೆಂಟು ಮುಗಿಯಿತು. ಈ ಸಲ ಇಬ್ಬರೂ ನಡಿಗೆಗೆ ಬರುತ್ತಾರೆ. ಅವರ ಮೊದಲ ಬಸ್ಸು ಶಿವಮೊಗ್ಗ ಮುಟ್ಟುವಾಗ ಎಂಟು ದಾಟಿರುತ್ತದೆ. ಆರಕ್ಕೆ ಇಟ್ಟಿದ್ದ ನಡಿಗೆಯನ್ನು ಒಂಬತ್ತಕ್ಕೆ ಮಾಡಿದ್ದೇವೆ.