ಚರ್ಚಿನಿಂದ ಹೊರಬಿದ್ದ ಹಾಡುಗಳು ಪಬ್ಬಿನಲ್ಲಿ ಬದುಕಿದ ಕಥೆ

ಇಂಗ್ಲೆಂಡಿನ ಶೆಫೀಲ್ಡ್ ನಗರ ಮುಗಿದು ಗುಡ್ಡಗಾಡು ಶುರುವಾಗುವಲ್ಲಿ ಡಂಗ್‌ವರ್ತ್, ವೊರಲ್, ಸ್ಟ್ಯಾನಿಂಗ್‌ಟನ್, ಎಕ್ಲ್ಸ್‌ಫೀಲ್ಡ್ ಎಂಬ ಊರುಗಳಿವೆ. ನವೆಂಬರ್ 11ರ ಯುದ್ಧವಿರಾಮ ದಿನ ಕಳೆದ ಮೊದಲ ಭಾನುವಾರದಿಂದ ಡಿಸೆಂಬರ್ 26ರವರೆಗೆ ಈ ಊರುಗಳ ಪಬ್‌ಗಳಲ್ಲಿ ಜನ ಒತ್ತೊತ್ತಾಗಿ ನಿಂತು ಕ್ಯಾರಲ್‌ಗಳನ್ನು, ಅಂದರೆ ಕ್ರಿಸ್‌ಮಸ್ ಹಾಡುಗಳನ್ನು ಹಾಡುತ್ತ ಬಂದಿದ್ದಾರೆ. ವೇದಿಕೆಯಿಲ್ಲ, ಟಿಕೆಟ್ಟಿಲ್ಲ, ಕೈಯಾಡಿಸಿ ನಡೆಸುವವರೂ ಇಲ್ಲ. ಡಂಗ್‌ವರ್ತ್‌ನ ರಾಯಲ್ ಹೋಟೆಲ್ ಎಂಬ ಪಬ್ಬಿನಲ್ಲಿ ಮೂಲೆಯ ಒಂದು ಎಲೆಕ್ಟ್ರಾನಿಕ್ ಆರ್ಗನ್ನೇ ಶ್ರುತಿ ಕೊಡುತ್ತಿತ್ತು. ಎಕ್ಲ್ಸ್‌ಫೀಲ್ಡ್‌ನ ಬ್ಲ್ಯಾಕ್ ಬುಲ್‌ನಲ್ಲಿ ಅದೂ ಇಲ್ಲ, ಬರೀ ಕಂಠ. ಹಾಡುವವರು ಬಹುಪಾಲು ಊರಿನವರೇ. ಒಂದು ಕೈಯಲ್ಲಿ ಬಿಯರ್ ಲೋಟ, ಎದುರಿಗೆ ಪುಸ್ತಕ ಬೇಕಿಲ್ಲ.

ಅಲ್ಲಿಗೆ ಹೋದವರು ರೇಡಿಯೋದಲ್ಲಿ ಕೇಳಿದ ಕ್ರಿಸ್‌ಮಸ್ ಹಾಡುಗಳನ್ನು ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ. ಹೆಚ್ಚಿನವು ಹೊರಗಿನವರು ಕೇಳೇ ಇಲ್ಲದ ಹಾಡುಗಳು. ರಾತ್ರಿ ಕುರಿ ಕಾಯುತ್ತಿದ್ದ ಕುರುಬರಿಗೆ ದೇವದೂತ ಕಾಣಿಸಿಕೊಂಡ ಪ್ರಸಂಗದ ಹಾಡೊಂದಿದೆ. ಅದರ ಸಾಹಿತ್ಯ ಎಲ್ಲೆಡೆ ಒಂದೇ, ಆದರೆ ಈ ಸೀಮೆಯಲ್ಲಿ ಅದನ್ನು ಹತ್ತಾರು ಮಟ್ಟುಗಳಲ್ಲಿ ಹಾಡುತ್ತಾರೆ. ಒಂದೇ ಮಧ್ಯಾಹ್ನ ಒಂದೇ ಕೋಣೆಯಲ್ಲಿ ಅದೇ ಹಾಡನ್ನು ಮೂರು ನಾಲ್ಕು ಸಲ ಬೇರೆ ಬೇರೆ ಮಟ್ಟಿನಲ್ಲಿ ಹಾಡಿದರೂ ಯಾರಿಗೂ ಅದು ಪುನರಾವರ್ತನೆ ಅನ್ನಿಸುವುದಿಲ್ಲ. ಮಟ್ಟುಗಳಿಗೂ ಹೆಸರುಗಳಿವೆ: ಓಲ್ಡ್ ಫಾಸ್ಟರ್, ಲಿವರ್‌ಪೂಲ್, ಪೆಂಟನ್‌ವಿಲ್, ಕ್ರ್ಯಾನ್‌ಬ್ರೂಕ್.

ಇಷ್ಟೊಂದು ಮಟ್ಟುಗಳು ಹುಟ್ಟಿದ್ದು ಹೇಗೆ ಎಂದು ತಿಳಿಯಲು ಮುನ್ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕು. 1647ರಲ್ಲಿ ಪ್ಯೂರಿಟನ್ನರ, ಅಂದರೆ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರ ಹಿಡಿತದಲ್ಲಿದ್ದ ಪಾರ್ಲಿಮೆಂಟು ಕ್ರಿಸ್‌ಮಸ್ ಹಬ್ಬವನ್ನೇ ರದ್ದು ಮಾಡಿತ್ತು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಹಬ್ಬವೂ ಮರಳಿತು. ಆದರೆ ಚರ್ಚಿನೊಳಗೆ ಹಾಡಲು ಸಲ್ಲುತ್ತಿದ್ದುದು ಮುಖ್ಯವಾಗಿ ಬೈಬಲ್ಲಿನ ಕೀರ್ತನೆಗಳ ಪದ್ಯರೂಪಗಳು ಮಾತ್ರ. ಅಂಥ ಒಂದು ಸಂಗ್ರಹಕ್ಕೆ 1700ರಲ್ಲಿ ಬಂದ ಅನುಬಂಧದಲ್ಲಿ ಕವಿ ನೇಹಮ್ ಟೇಟ್ ಬರೆದ ಈ ಕುರುಬರ ಹಾಡು ಸೇರಿತು. ಚರ್ಚಿನ ಮಾನ್ಯತೆ ಪಡೆದ ಕ್ರಿಸ್‌ಮಸ್ ಹಾಡು ಬಹುಕಾಲ ಅದೊಂದೇ ಆಗಿತ್ತು ಎನ್ನಬಹುದು. ಸಾಹಿತ್ಯಕ್ಕೆ ಒಪ್ಪಿಗೆಯಿತ್ತು, ಮಟ್ಟಿಗೆ ಕಟ್ಟಿರಲಿಲ್ಲ. ಛಂದಸ್ಸೂ ಸರಳ, ಎಂಟು ಆರು ಎಂಟು ಆರು ಅಕ್ಷರಗಳ ಸಾಲುಗಳು. ಆ ಅಳತೆಯ ಯಾವ ಮಟ್ಟಾದರೂ ಅದಕ್ಕೆ ಒಪ್ಪುತ್ತದೆ. ಹಾಗಾಗಿ ಊರೂರಿನ ಸಂಗೀತಗಾರರು ತಮ್ಮದೇ ಮಟ್ಟು ಕಟ್ಟಲು ತೊಡಗಿದರು.

ಯಾರು ಈ ಸಂಗೀತಗಾರರು? ನೇಕಾರರು, ಬಡಗಿಗಳು, ರೈತರು, ಬೂಟು ಹೊಲಿಯುವವರು. ಹದಿನೆಂಟನೇ ಶತಮಾನದಲ್ಲಿ ಅನೇಕ ಹಳ್ಳಿಯ ಚರ್ಚುಗಳಲ್ಲಿ ಆರ್ಗನ್ ಇರಲಿಲ್ಲ. ಪಶ್ಚಿಮದ ಗೋಡೆಗೆ ಹೊಂದಿಸಿ ಕಟ್ಟಿದ ಮರದ ಅಟ್ಟಣಿಗೆಯ ಮೇಲೆ ಊರಿನ ಹಾಡುಗಾರರೂ ವಾದಕರೂ ಕೂರುತ್ತಿದ್ದರು. ಪಿಟೀಲು, ಕ್ಲಾರಿನೆಟ್, ಬಸೂನ್ ಎಂಬ ಊದುವಾದ್ಯ, ಮಂದ್ರಕ್ಕೆ ದೊಡ್ಡ ತಂತಿವಾದ್ಯ. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಕೀರ್ತನೆ ನುಡಿಸಿದ ಅದೇ ಪಿಟೀಲು ಶನಿವಾರ ರಾತ್ರಿ ಕುಣಿತಕ್ಕೂ ನುಡಿದಿರುತ್ತಿತ್ತು. ಕಾದಂಬರಿಕಾರ ಥಾಮಸ್ ಹಾರ್ಡಿಯ ತಂದೆಯೂ ತಾತನೂ ಡಾರ್ಸೆಟ್‌ನ ಸ್ಟಿನ್ಸ್‌ಫರ್ಡ್ ಚರ್ಚಿನಲ್ಲಿ ಇಂಥ ತಂಡದ ವಾದಕರಾಗಿದ್ದರು.

ಇವರು ಕಟ್ಟಿದ ಸಂಗೀತದ ಒಂದು ಲಕ್ಷಣವನ್ನು ಹತ್ತಿರದಿಂದ ನೋಡಬೇಕು. ಪದ್ಯದ ಮೊದಲ ಸಾಲುಗಳನ್ನು ಎಲ್ಲರೂ ಒಟ್ಟಿಗೆ ಹಾಡುತ್ತಾರೆ. ಮುಂದೆ ಬಂದಾಗ ಮಂದ್ರದ ದನಿಗಳು ಒಂಟಿಯಾಗಿ ಸಾಲನ್ನು ಎತ್ತುತ್ತವೆ. ಅವು ಸಾಲು ಮುಗಿಸುವ ಮೊದಲೇ ಇನ್ನೊಂದು ಗುಂಪು ಅದೇ ಸಾಲನ್ನು ಮೊದಲಿಂದ ಹಿಡಿಯುತ್ತದೆ, ಅದರ ಬೆನ್ನಿಗೆ ಮತ್ತೊಂದು. ನಾಲ್ಕೂ ದನಿಗಳು ಹೆಣೆದುಕೊಂಡಾಗ ಪದ ಯಾವುದೆಂದು ಬಿಡಿಸಿ ಕೇಳುವುದು ಕಷ್ಟ. ಕೊನೆಯ ಸಾಲಿಗೆ ಎಲ್ಲ ದನಿಗಳೂ ಮತ್ತೆ ಕೂಡುತ್ತವೆ. ಕ್ಯಾಂಟರ್ಬರಿಯಲ್ಲಿ ಬೂಟು ಹೊಲಿಯುತ್ತಿದ್ದ ಥಾಮಸ್ ಕ್ಲಾರ್ಕ್ 1805ರಲ್ಲಿ ಪ್ರಕಟಿಸಿದ ಕ್ರ್ಯಾನ್‌ಬ್ರೂಕ್ ಮಟ್ಟಿನಲ್ಲಿ ಸಾಲುಗಳು ಹೀಗೆ ಮರುಕಳಿಸುತ್ತವೆ. ಮುಂದೆ ಯಾರ್ಕ್‌ಷೈರ್‌ನವರು ಅದೇ ಮಟ್ಟಿಗೆ, ಟೋಪಿಯಿಲ್ಲದೆ ಇಲ್ಕ್ಲಿ ಬಯಲಿಗೆ ಹೋದವನ ತಮಾಷೆಯ ಹಾಡನ್ನು ಹೊಂದಿಸಿಕೊಂಡರು. ಈಗ ಅಲ್ಲಿ ಅದು ನಾಡಗೀತೆಯಂತೆಯೇ ಆಗಿದೆ.

ಇಂಥ ಹಾಡು ಹಾಡುವವರಿಗೆ ಬಲು ಖುಷಿ. ಕೇಳಿ ಧ್ಯಾನಿಸಬೇಕೆನ್ನುವ ಪಾದ್ರಿಗೆ ಗದ್ದಲ. 1833ರಿಂದ ಆಕ್ಸ್‌ಫರ್ಡ್‌ನಲ್ಲಿ ಶುರುವಾದ ಸುಧಾರಣಾ ಚಳವಳಿ ಪೂಜೆಗೆ ಗಾಂಭೀರ್ಯ ತರಲು ಹೊರಟಿತು. ಅಟ್ಟಣಿಗೆಗಳನ್ನು ಕಿತ್ತರು, ವಾದ್ಯದವರನ್ನು ಕೆಳಗಿಳಿಸಿ ಆರ್ಗನ್, ಹಾರ್ಮೋನಿಯಂ ತಂದರು. ಬಿಳಿ ನಿಲುವಂಗಿಯ ಗಾಯಕವೃಂದ ಪೂರ್ವ ದಿಕ್ಕಿನಲ್ಲಿ, ಪಾದ್ರಿಯ ಕಣ್ಣಳತೆಯಲ್ಲಿ ನಿಂತಿತು. 1861ರಲ್ಲಿ ಬಂದ ಪ್ರಭಾವಶಾಲಿ ಸ್ತೋತ್ರಸಂಗ್ರಹವೊಂದು ಕುರುಬರ ಹಾಡಿಗೆ ಒಂದೇ ಮಟ್ಟನ್ನು ಜೋಡಿಸಿತು. ಇಂದು ಬಹುಪಾಲು ಇಂಗ್ಲಿಷರಿಗೆ ಗೊತ್ತಿರುವುದು ಅದೊಂದೇ. ಆಗ ಕಳೆದುಕೊಂಡದ್ದು ಸಣ್ಣದಲ್ಲ. ಹಳ್ಳಿಯ ಜನ ತಾವೇ ಕಟ್ಟಿ, ತಾವೇ ನುಡಿಸಿ, ತಮ್ಮ ಮಕ್ಕಳಿಗೆ ಕಲಿಸುತ್ತಿದ್ದ ಒಂದು ವಿದ್ಯೆಯನ್ನು ಶುಚಿಯ ಹೆಸರಿನಲ್ಲಿ ಹೊರಗಟ್ಟಿದ್ದು ಅನ್ಯಾಯವೇ.

ಪಾದ್ರಿ ಹೊರಹಾಕಿದ, ಹಾಡುಗಾರರು ಸಿಟ್ಟಿನಿಂದ ಎದುರಿನ ಪಬ್ಬಿಗೆ ನಡೆದರು ಎಂದು ಈ ಕಥೆಯನ್ನು ಹೇಳುವ ರೂಢಿಯಿದೆ. ನಡೆದದ್ದು ಅಷ್ಟು ನೇರವಾಗಿ ಅಲ್ಲ. ಕ್ಯಾರಲ್ ಹಾಡುವವರು ಮೊದಲಿನಿಂದಲೂ ಬೀದಿಯಲ್ಲಿ, ಮನೆಬಾಗಿಲಲ್ಲಿ, ಪಬ್ಬಿನಲ್ಲಿ ಹಾಡುತ್ತಲೇ ಇದ್ದರು. ಶೆಫೀಲ್ಡ್ ಸುತ್ತಮುತ್ತ ಮೆಥಡಿಸ್ಟರ, ಅಂದರೆ ಅಧಿಕೃತ ಚರ್ಚಿನಿಂದ ಬೇರೆಯಾದ ಪ್ರೊಟೆಸ್ಟೆಂಟ್ ಪಂಥದವರ ಪ್ರಾರ್ಥನಾಮಂದಿರಗಳು ಪ್ರಬಲವಾಗಿದ್ದವು. ಅಲ್ಲಿ ನಾಲ್ಕು ದನಿಯ ಹಾಡುಗಾರಿಕೆ ಇಪ್ಪತ್ತನೇ ಶತಮಾನದಲ್ಲೂ ಗಟ್ಟಿಯಾಗಿತ್ತು. ಭಾನುವಾರ ಶಾಲೆಯಲ್ಲಿ ಕಲಿತ ಸ್ವರ ಪಬ್ಬಿನಲ್ಲಿ ಕೆಲಸಕ್ಕೆ ಬಂತು. ಚರ್ಚು ಕೈಬಿಟ್ಟ ಮೇಲೆ ಪಬ್ಬು ಹೊಸದಾಗಿ ಎತ್ತಿಕೊಂಡಿತು ಅನ್ನುವುದಕ್ಕಿಂತ, ಹಲವು ಕಡೆ ನೆಲೆಯಿದ್ದ ಹಾಡಿಗೆ ಕೊನೆಗೆ ಉಳಿದ ನೆಲೆ ಪಬ್ಬು ಎನ್ನುವುದು ಸರಿ.

ಚರ್ಚು ಬಿಟ್ಟದ್ದನ್ನು ಜಾನಪದ ವಿದ್ವಾಂಸರಾದರೂ ಎತ್ತಿಕೊಂಡರೇ? ಬಹುಪಾಲು ಇಲ್ಲ. ಇಂಗ್ಲೆಂಡಿನಲ್ಲಿ ಜಾನಪದ ಗೀತೆಗಳ ಸಂಘ ಹುಟ್ಟಿದ್ದು 1898ರಲ್ಲಿ. 1899ರ ಡಿಸೆಂಬರ್ 26ರಂದು ಮುಂದೆ ಜಾನಪದ ಹಾಡು ಕುಣಿತಗಳ ದೊಡ್ಡ ಸಂಗ್ರಾಹಕರಾದ ಸೆಸಿಲ್ ಶಾರ್ಪ್ ಆಕ್ಸ್‌ಫರ್ಡ್ ಬಳಿಯ ಹೆಡಿಂಗ್‌ಟನ್‌ನಲ್ಲಿ ಮಾರಿಸ್ ಎಂಬ ಹಳ್ಳಿಗರ ಗುಂಪು ಕುಣಿತ ಕಂಡರು. 1903ರಲ್ಲಿ ಸಾಮರ್ಸೆಟ್‌ನ ಹ್ಯಾಂಬ್ರಿಜ್‌ನಲ್ಲಿ ಒಬ್ಬ ತೋಟಗಾರ ಹಾಡಿದ್ದನ್ನು ಬರೆದುಕೊಂಡಲ್ಲಿಂದ ಅವರ ಹಾಡು ಸಂಗ್ರಹ ಶುರುವಾಯಿತು. ಅವರ ದುಡಿಮೆ ದೊಡ್ಡದು. ಆದರೆ ಅವರ ಕಾಲದವರ ಜರಡಿಯೂ ಗಟ್ಟಿಯಾಗಿತ್ತು: ಹಾಡು ಅನಾಮಿಕವಾಗಿರಬೇಕು, ಬಾಯಿಂದ ಬಾಯಿಗೆ ಬಂದಿರಬೇಕು, ಹಳೆಯ ಸ್ವರಕ್ರಮದ ಒಂಟಿ ದನಿಯ ಹಾಡಾದರೆ ಇನ್ನೂ ಒಳ್ಳೆಯದು. ಊರ ಕಸುಬುದಾರ ಕಟ್ಟಿ ಅಚ್ಚು ಹಾಕಿಸಿದ ನಾಲ್ಕು ದನಿಯ ಹಾಡು ಈ ಜರಡಿಯಲ್ಲಿ ನಿಲ್ಲಲಿಲ್ಲ. ಹೀಗೆ ಚರ್ಚಿಗೆ ಅದು ಒರಟಾಯಿತು, ವಿದ್ವಾಂಸರಿಗೆ ಸಾಕಷ್ಟು ಜಾನಪದವಾಗಲಿಲ್ಲ. ಇಯಾನ್ ರಸೆಲ್ ಎಂಬ ಸಂಶೋಧಕ 1969ರಲ್ಲಿ ಈ ಪಬ್‌ಗಳಲ್ಲಿ ಧ್ವನಿಮುದ್ರಣಕ್ಕೆ ತೊಡಗಿದ ಮೇಲೆಯೇ ಅದರ ವಿಸ್ತಾರ ಹೊರಗಿನವರಿಗೆ ತಿಳಿದದ್ದು. ಅವರು ದಶಕಗಟ್ಟಲೆ ಅಲ್ಲಿ ಹಾಡುತ್ತ, ಬರೆಯುತ್ತ, ಹಾಡುಪುಸ್ತಕಗಳನ್ನು ಹೊರತಂದರು.

ಚರ್ಚಿನ, ವಿದ್ವಾಂಸರ ಆಸರೆಯಿಲ್ಲದೆ ಇಷ್ಟು ಕಾಲ ಇವು ಉಳಿದದ್ದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಕಾಲದ ಕಟ್ಟು. ವರ್ಷಕ್ಕೆ ಆರು ವಾರ ಮಾತ್ರ ಹಾಡು, ಉಳಿದ ದಿನ ಬಾಯಿ ಬಿಡುವಂತಿಲ್ಲ. ಹಾಗಾಗಿ ಹಾಡು ಸವೆಯುವುದಿಲ್ಲ, ಆ ವಾರಗಳನ್ನು ತಪ್ಪಿಸಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಇಂಗ್ಲೆಂಡಿನ ಹಳ್ಳಿಗಳ ಬೇರೆ ಆಚರಣೆಗಳಲ್ಲೂ ಇದೇ ಬಿಗಿ ಇದೆ. ಶೆಫೀಲ್ಡ್‌ನ ಉತ್ತರಕ್ಕಿರುವ ಗ್ರೆನೋಸೈಡ್‌ನ ಕತ್ತಿಕುಣಿತ ಡಿಸೆಂಬರ್ 26ಕ್ಕೇ. ಸಾಮರ್ಸೆಟ್‌ನ ಕಾರ್‌ಹ್ಯಾಂಪ್ಟನ್‌ನಲ್ಲಿ ಸೇಬಿನ ಮರಕ್ಕೆ ಹಾಡು ಹಾಡಿ, ಬೇರಿಗೆ ಸೇಬಿನ ಮದ್ಯ ಸುರಿದು, ಅದರಲ್ಲಿ ನೆನೆಸಿದ ಬ್ರೆಡ್ಡಿನ ತುಂಡನ್ನು ಕೊಂಬೆಗೆ ಸಿಕ್ಕಿಸಿ, ಬಂದೂಕು ಹಾರಿಸುವುದು ಜನವರಿ 17ರಂದು. 1752ರಲ್ಲಿ ಕ್ಯಾಲೆಂಡರು ಬದಲಾಗಿ ಸೆಪ್ಟೆಂಬರಿನಿಂದ 11 ದಿನ ಕಳೆದರೂ ಮರಗಳ ಹಬ್ಬ ಹಳೆಯ ಲೆಕ್ಕವನ್ನು ಬಿಡಲಿಲ್ಲ, ಹಾಗಾಗಿಯೇ ಅದು ಹೊಸ ಕ್ಯಾಲೆಂಡರಿನಲ್ಲಿ 11 ದಿನ ತಡವಾಗಿ ಬರುತ್ತದೆ.

ಹಾಡುಗಳು ಊರು ಬಿಟ್ಟೂ ಹೋದವು. ಕಾರ್ನ್‌ವಾಲ್‌ನ ಇಲ್ಲೋಗನ್‌ನಲ್ಲಿ ಹುಟ್ಟಿ ಗಣಿಯಲ್ಲಿ ದುಡಿದ ಥಾಮಸ್ ಮೆರಿಟ್ (1863–1908) ಕಟ್ಟಿದ ಕ್ಯಾರಲ್‌ಗಳು ಅಲ್ಲಿನ ಗಣಿಗಾರರ ಜೊತೆ ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿಗೂ ದಕ್ಷಿಣ ಆಸ್ಟ್ರೇಲಿಯಾಕ್ಕೂ ತಲುಪಿದವು. ನಮ್ಮ ಕೋಲಾರದ ಚಿನ್ನದ ಗಣಿಗೆ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಬಂದವರಲ್ಲೂ ಇದೇ ಕಾರ್ನ್‌ವಾಲ್‌ನವರಿದ್ದರು.

ಇಪ್ಪತ್ತೊಂದನೇ ಶತಮಾನದಲ್ಲಿ ಹಾಡಿಗೆ ಎದುರಾದದ್ದು ಕಾನೂನು. ಇಬ್ಬರವರೆಗೆ ಸಂಗೀತಗಾರರಿದ್ದರೆ ಪಬ್ಬಿಗೆ ಪ್ರತ್ಯೇಕ ಮನರಂಜನಾ ಪರವಾನಗಿ ಬೇಡ ಎಂಬ ಹಳೆಯ ರಿಯಾಯಿತಿಯನ್ನು 2003ರ ಪರವಾನಗಿ ಕಾಯ್ದೆ ತೆಗೆದುಹಾಕಿತು. ಮಾರಿಸ್ ಕುಣಿತದ ಜೊತೆಗಿನ ವಾದ್ಯಕ್ಕೆ ವಿನಾಯಿತಿ ಸಿಕ್ಕಿತು, ಪಬ್ಬಿನ ಹಾಡುಗಾರರು ಆತಂಕದಲ್ಲಿ ಉಳಿದರು. 2012ರ ಲೈವ್ ಮ್ಯೂಸಿಕ್ ಕಾಯ್ದೆ ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ ಮೈಕಿಲ್ಲದ ಸಂಗೀತವನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ ಆ ಗಂಟು ಬಹುಮಟ್ಟಿಗೆ ಬಿಚ್ಚಿತು.

ಹಾಡು ನಿಂತ ನೀರಾಗಿಲ್ಲ ಎನ್ನುವುದೂ ಮುಖ್ಯ. ಸ್ಟ್ಯಾನಿಂಗ್‌ಟನ್‌ನ ಮಿನಾ ಡೈಸನ್ 1950ರಲ್ಲಿ ಕಟ್ಟಿದ, ಊರಿನ ಹೆಸರನ್ನೇ ಹೊತ್ತ ಕ್ಯಾರಲ್ ಇಂದು ಇನ್ನೂರು ವರ್ಷದ ಮಟ್ಟುಗಳ ಪಕ್ಕದಲ್ಲಿ ಸರಿಸಮನಾಗಿ ನಿಂತಿದೆ. ಹಿಂದೆ ಹೆಚ್ಚಾಗಿ ಗಂಡಸರದೇ ಆಗಿದ್ದ ಕೋಣೆಯಲ್ಲಿ ಈಗ ಹೆಂಗಸರ ದನಿ ತುಂಬಿದೆ. ದೂರದಿಂದ ಬರುವವರು ಹೆಚ್ಚಾಗಿ, ಊರಿನವರಿಗೇ ನಿಲ್ಲಲು ಜಾಗ ಸಿಗದ ಭಾನುವಾರಗಳೂ ಇವೆ.

ಯುನೆಸ್ಕೋದ ಅಮೂರ್ತ ಪರಂಪರೆಯ ಒಪ್ಪಂದಕ್ಕೆ ಬ್ರಿಟನ್ 2024ರಲ್ಲಿ ಸೇರಿತು. ಇಂಥ ಆಚರಣೆಗಳ ಪಟ್ಟಿ ಮಾಡುವ ಹೊಣೆ ಈಗ ಸರ್ಕಾರದ ಮೇಲಿದೆ. ಅದು ಸಂತೋಷದ ವಿಷಯವೇ. ಆದರೆ ಹಳ್ಳಿಯ ಪಬ್‌ಗಳು ಒಂದೊಂದಾಗಿ ಮುಚ್ಚಿ ಮನೆಗಳಾಗುತ್ತಿರುವಾಗ ಪಟ್ಟಿಗಿಂತ ಹೆಚ್ಚಿನ ಕೆಲಸ ಮಾಡಬಲ್ಲದ್ದು 2011ರ ಲೋಕಲಿಸಂ ಕಾಯ್ದೆ. ಊರಿನವರು ತಮ್ಮ ಪಬ್ಬನ್ನು ಸಮುದಾಯದ ಆಸ್ತಿಯೆಂದು ಸ್ಥಳೀಯ ಕೌನ್ಸಿಲಿನಲ್ಲಿ ನಮೂದಿಸಿದ್ದರೆ, ಅದು ಮಾರಾಟಕ್ಕೆ ಬಂದಾಗ ಹಣ ಹೊಂದಿಸಿಕೊಳ್ಳಲು ಕಾಲಾವಕಾಶ ಕೇಳಬಹುದು. ಮಾಲೀಕ ಅವರಿಗೇ ಮಾರಬೇಕೆಂಬ ಕಟ್ಟುಪಾಡು ಆ ಕಾಯ್ದೆಯಲ್ಲಿರಲಿಲ್ಲ, ಅದೇ ಅದರ ಕೊರತೆ. ಆದರೂ ಶೇರು ಕೂಡಿಸಿ ಪಬ್ ಕೊಂಡು ತಾವೇ ನಡೆಸುತ್ತಿರುವ ಹಳ್ಳಿಗಳು ಇಂಗ್ಲೆಂಡಿನಲ್ಲಿವೆ. ಕ್ಯಾರಲ್ ಹಾಡುವ ಊರುಗಳವರು ಮಾರಾಟದ ಫಲಕ ಏಳುವ ಮೊದಲೇ ಈ ನಮೂದು ಮಾಡಿಸಿಟ್ಟುಕೊಳ್ಳಬೇಕು.